ಲಾಳಿಯ ದಾರಿಗೆ ನಿಂತವರು

ಜಾಬರ್ ಕಾಕಾನ ಹುಬ್ಬು ಬಿಳಿಯದಲ್ಲ, ಕಪ್ಪು ಎಂಬುದು ನನಗೆ ಗೊತ್ತಾದದ್ದು ಅವರ ಮಗಳ ಮದುವೆಯ ದಿನ. ಅಲ್ಲಿಯವರೆಗೆ ನಾನು ನೋಡಿದ್ದು ಹತ್ತಿಯ ಧೂಳು ಕೂತ ಹುಬ್ಬು, ಹತ್ತಿಯ ಧೂಳು ಕೂತ ಮೀಸೆ, ಕಿವಿಯ ಮೇಲಿನ ಕೂದಲಿಗೆ ಸಿಕ್ಕಿಕೊಂಡ ನೂಲಿನ ಎಳೆ. ಜಳಕ ಮಾಡಿ, ಟೋಪಿ ಹಾಕಿಕೊಂಡು ಹಂದರದ ಬಾಗಿಲಲ್ಲಿ ನಿಂತವರನ್ನು ಯಾರೋ ಬೀಗರು ಎಂದುಕೊಂಡು ದಾಟಿ ಹೋಗಿಬಿಟ್ಟೆ. "ಯಾಕ ಯವ್ವಾ, ಗುರ್ತ ಸಿಗಲಿಲ್ಲೇನ?" ಎಂದು ಹಿಂದಿನಿಂದ ಕೂಗಿದರು. ಇಡೀ ಹಂದರ ತಿರುಗಿ ನನ್ನನ್ನೇ ನೋಡಿತು.

ಕೂಗಿ ಮಾತಾಡುವುದು ಅವರ ರೂಢಿ. ಹುಡುಗನಿದ್ದಾಗಿನಿಂದ ಇಚಲಕರಂಜಿಯ ವಿದ್ಯುತ್ ಮಗ್ಗಗಳ ನಡುವೆ ಇದ್ದು ಕಿವಿ ಹೋಗಿತ್ತು. ಆದರೆ ಶೆಡ್ಡಿನ ಒಳಗೆ ಅವರ ದನಿ ಯಾರೂ ಕೇಳಿದ್ದಿಲ್ಲ. ನಲವತ್ತು ಮಗ್ಗ ಒಟ್ಟಿಗೆ ಬಡಿಯುವ ಕಡೆ ಗಂಟಲು ಹರಿದುಕೊಂಡು ಉಪಯೋಗವೇನು, ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತೇವೆ. ಹೀಗಾಗಿ ಕಾಕಾ ಒಳಗೆ ಮೂಕರು, ಹೊರಗೆ ಚಹಾದಂಗಡಿಯಲ್ಲಿ ಓಣಿಗೆಲ್ಲ ಕೇಳುವಂತೆ ಗುಟ್ಟು ಹೇಳುವವರು. ಕೆಟ್ಟ ಮಗ್ಗವನ್ನು ಸರಿಮಾಡಿ ಓಡಿಸಿಕೊಡುವವನೇ ಜಾಬರ್. ಬೇರೆ ಜಾಬರ್‌ಗಳು ಸಪ್ಪಳ ಕೇಳಿ ಮಗ್ಗದ ರೋಗ ಕಂಡುಹಿಡಿದರೆ, ಇವರು ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದರು. "ಕಿವಿ ಹೋದ್ರ ಹೋಗ್ಲಿ ಬಿಡು, ಅಂಗೈ ಐತಲ್ಲ" ಎನ್ನುವರು. ಜೈನರು, ಹೊತ್ತು ಮುಳುಗುವ ಮೊದಲು ಉಣ್ಣಬೇಕು. ಎಂಥ ಅವಸರದ ಕೆಲಸವಿದ್ದರೂ ನಟ್ ಬಿಗಿಯುವ ಪಾನಾ ಕೆಳಗಿಟ್ಟು ಡಬ್ಬಿ ಬಿಚ್ಚಿ ಕೂತರೆ ಮಾಲಕರೂ ಸುಮ್ಮನೆ ಕಾಯಬೇಕು.

ನಾನು ಗಡಹಿಂಗ್ಲಜ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದೆ. ಗಂಡ ಕಾಗಲದ ಕಾರ್ಖಾನೆಗೆ ಹೋದರೆ ನಾನು ಕಾಕಾ ಇದ್ದ ಶೆಡ್ಡಿನಲ್ಲಿ ಕಾಂಡಿ ತುಂಬುತ್ತಿದ್ದೆ, ಅಂದರೆ ಲಾಳಿಯೊಳಗೆ ಕೂಡಿಸುವ ಕೊಳವೆಗೆ ನೂಲು ಸುತ್ತುವುದು. ಹೆಂಗಸರಿಗೆಂದೇ ಬಿಟ್ಟ ಕೆಲಸ. ಕೈ ಕಾಂಡಿಯ ಮೇಲಿದ್ದರೂ ನನ್ನ ಕಣ್ಣು ಕಾಕಾನ ಪಾನಾದ ಮೇಲೆ. ನನಗೆ ಜಾಬರ್ ಆಗಬೇಕೆಂದಿತ್ತು. ನಾನು ಕಂಡ ಯಾವ ಶೆಡ್ಡಿನಲ್ಲೂ ಹೆಣ್ಣು ಜಾಬರ್ ಇರಲಿಲ್ಲ. ಮಾಲಕರಿಗೆ ಹೇಳಿದಾಗ "ಹೇ ಬಾಯಕಾಂಚಂ ಕಾಮ ನಾಹಿ" ಎಂದು ನಕ್ಕರು. ಹೆಂಗಸರ ಕೆಲಸವಲ್ಲವಂತೆ. ನಾನು ಮೊದಲೇ ಮೂಗಿನ ತುದಿಗೆ ಸಿಟ್ಟು ಇಟ್ಟುಕೊಂಡವಳು, ನೆಟ್ಟಗೆ ಕಾಕಾನ ಮುಂದೆ ಹೋಗಿ ನಿಂತೆ.

"ಕಾಕಾ, ನನಗ ಈ ಕೆಲಸ ಕಲಿಸಿಕೊಡ್ರಿ."

ಅವರು ನನ್ನ ಕೈ ತಿರುವಿ ನೋಡಿದರು. "ಬಳಿ ತಗದ ಬಾ. ಸಿಕ್ಕೊಂಡ್ರ ಕೈ ಹೋಗ್ತದ" ಎಂದರು. ಅಷ್ಟೇ. ಹೆಂಗಸು ಎಂಬ ಮಾತು ಅವರ ಬಾಯಲ್ಲಿ ಬಂದದ್ದು ಅದೊಂದೇ ಸಲ, ಅದೂ ಬಳೆಯ ರೂಪದಲ್ಲಿ.

ಒಂದೂವರೆ ವರ್ಷ ಅವರ ಹಿಂದೆ ತಿರುಗಿದೆ. ಅವರದೊಂದು ಕಟ್ಟುನಿಟ್ಟು ಇತ್ತು. ರಿಪೇರಿಯಾದ ಮಗ್ಗವನ್ನು ಮೊದಲ ಸಲ ಚಾಲೂ ಮಾಡುವಾಗ ಎಲ್ಲರೂ ಅದರ ಪಕ್ಕದಿಂದ ಸರಿದು ನಿಲ್ಲುತ್ತಾರೆ. ಏನಾದರೂ ತಪ್ಪಿದ್ದರೆ ಲಾಳಿ ಪೆಟ್ಟಿಗೆ ಬಿಟ್ಟು ಹಾರುತ್ತದೆ, ಅದರ ಮೂತಿ ಕಬ್ಬಿಣದ್ದು. ಕಾಕಾ ಮಾತ್ರ ಲಾಳಿ ಹಾರುವ ದಾರಿಗೇ ಹೋಗಿ ನಿಲ್ಲುತ್ತಿದ್ದರು. "ಕಟ್ಟಿದಾವ ಮೊದಲ ನಿಲ್ಲಬೇಕು. ತನ್ನ ಕೆಲಸಕ್ಕ ತಾನ ಅಂಜಿದ್ರ, ಮಗ್ಗ ನಡಸಾಂವ ಹೆಂಗ ನಂಬತಾನ?" ಎನ್ನುವರು.

ಕೊನೆಗೊಮ್ಮೆ ಮೂಲೆಯ ಮಗ್ಗವನ್ನು ನನಗೇ ಬಿಟ್ಟುಕೊಟ್ಟರು. ವಾರದ ರಜೆಯ ದಿನ ಒಬ್ಬಳೇ ಕೂತು ಬಿಚ್ಚಿ ಕಟ್ಟಿದೆ. ಖಾಲಿ ಶೆಡ್ಡಿನಲ್ಲಿ ಓಡಿಸಿ ನೋಡಿದೆ, ಬೆಣ್ಣೆಯ ಹಾಗೆ ಓಡಿತು. ಮರುದಿನ ಎಲ್ಲ ಮಗ್ಗ ಓಡುತ್ತಿರುವಾಗ ನಾನು ಹಿಡಿಕೆಯ ಹತ್ತಿರ ನಿಂತೆ. ಕಾಕಾ ಲಾಳಿ ಹಾರುವ ಕಡೆ ಹೋದರು. ಕಟ್ಟಿದವಳು ನಾನಲ್ಲವೇ ಎಂದು ಕೈಸನ್ನೆ ಮಾಡಿದರೆ, "ಕಲಿಸಿದಾವ ನಾನು" ಎಂದು ತುಟಿ ಅಲುಗಿಸಿದರು. ಚಾಲೂ ಮಾಡಿದೆ. ಹತ್ತು ಹೊಡೆತ ಆಗಿರಲಿಲ್ಲ, ಲಾಳಿ ಹಾರಿ ಅವರ ಪಕ್ಕೆಗೆ ಬಡಿಯಿತು. ಅವರು ಗೋಡೆ ಹಿಡಿದು ಕೂತುಬಿಟ್ಟರು.

ಪಕ್ಕೆಲುಬು ಮುರಿದಿರಲಿಲ್ಲ, ಪುಣ್ಯ. ಆದರೆ ನಾನು ಮುರಿದಿದ್ದೆ. ಮಾಲಕರು ಬೈದದ್ದಕ್ಕಲ್ಲ, ಹೆಂಗಸರ ಕೆಲಸವಲ್ಲ ಎಂದು ಅವರು ಹೇಳಿದ್ದು ಖರೆ ಅನಿಸಿದ್ದಕ್ಕೆ. ಎಂಟು ದಿನ ಮನೆ ಬಿಟ್ಟು ಹೊರಬರಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಕಾಕಾ ಒಂದು ಡಜನ್ ಬಾಳೆಹಣ್ಣು ಹಿಡಿದು ಬಾಗಿಲಿಗೆ ಬಂದರು. ಪೆಟ್ಟು ತಿಂದವರು ಅವರು, ಹಣ್ಣು ನನಗೆ.

"ಖಾಲಿ ಶೆಡ್ಡಿನ್ಯಾಗ ಚಂದ ಓಡಿತ್ರಿ ಕಾಕಾ. ಎಲ್ಲಾ ಮಗ್ಗ ಚಾಲೂ ಆದ ಮ್ಯಾಲ ನೆಲಾನ ನಡಗತದ, ನಟ್ ಸಡ್ಲ ಆತು" ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. "ಕುಣಿಯಾಕ ಬರಲಾರದಾಕಿ ಅಂಗಳ ಡೊಂಕ ಅಂದ್ಲಂತ, ಹಂಗಾತು ನಂದು."

ಕಾಕಾ ನಗಲಿಲ್ಲ. "ಅಂಗಳ ಡೊಂಕ ಐತಿ ಯವ್ವಾ. ಖರೇನ ಐತಿ. ಡೊಂಕ ಅಂಗಳದಾಗ ಕುಣಿಯೋದನ್ನ ಕಲಿಬೇಕು. ನಟ್ಟಿನ ಮ್ಯಾಲ ಇನ್ನೊಂದು ನಟ್ ಹಾಕಬೇಕಂತ ನಾ ಹೇಳೋದು ಮರತೆ. ತಪ್ಪು ನಂದು. ನಾಳೆ ಬಾ." ಓಣಿಯ ಹೆಂಗಸರೆಲ್ಲ ಕಿಟಕಿಗೆ ಬರುವ ಹಾಗೆ ಇಷ್ಟನ್ನೂ ಕೂಗಿ ಹೇಳಿ ಹೋದರು. ಇನ್ನು ಹೋಗದೆ ಇರಲು ನನಗೆ ಮುಖವೆಲ್ಲಿತ್ತು.

ಮರುದಿನ ಅದೇ ಮಗ್ಗ. ಒಂದೊಂದು ನಟ್ಟಿನ ಮೇಲೂ ಇನ್ನೊಂದು ಹಾಕಿ ಬಿಗಿದೆ. ಮತ್ತೆ ಕಾಕಾ ಆ ಕಡೆ ನಡೆದರು. ನಾನು ಬೇಡವೆಂದೆ, ಕೈಮುಗಿದೆ, ಹಿಡಿಕೆ ಮುಟ್ಟುವುದೇ ಇಲ್ಲ ಎಂದೆ. ಅವರು ಎಸ್ಟಿ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವರ ಹಾಗೆ ಕಿಟಕಿಯ ಕಡೆ ನೋಡುತ್ತ ನಿಂತಿದ್ದರು. ಬೇಸಿಗೆ, ಮುಖದಲ್ಲಿ ಬೆವರು ಇಳಿಯುತ್ತಿತ್ತು. ಕೊನೆಗೆ ನನ್ನ ಕಡೆ ತಿರುಗಿ, "ಚಾಲೂ ಮಾಡ" ಎಂದು ತುಟಿಯಲ್ಲೇ ಹೇಳಿದರು. ಅಷ್ಟು ನಿಶ್ಚಿಂತೆಯ ಮುಖ ನೋಡಿ, ನನ್ನ ಮೇಲೆ ನನಗಿಲ್ಲದ ನಂಬಿಕೆ ಇವರಿಗಿದೆ ಎಂದುಕೊಂಡು ಹಿಡಿಕೆ ಎಳೆದೆ. ಮಗ್ಗ ಓಡಿತು. ಊಟದ ಹೊತ್ತಿನವರೆಗೆ ನಿಲ್ಲದೆ ಓಡಿತು.

ಈಗ ಎರಡು ಶೆಡ್ಡಿಗೆ ನಾನೇ ಜಾಬರ್. ಶಿರೋಳ ಕಡೆಯಿಂದಲೂ ಫೋನ್ ಬರುತ್ತದೆ. ಗಂಡಸರ ದನಿ "ಜಾಬರ್ ಅದಾರೇನ್ರಿ?" ಎಂದು ಕೇಳಿದರೆ "ನಾನೇ, ಹೇಳ್ರಿ" ಎನ್ನುವಾಗಿನ ಸುಖವನ್ನು ಏನೆಂದು ಹೇಳಲಿ.

ಹೋದ ವರ್ಷ ಕೊಲ್ಲಾಪುರದ ದವಾಖಾನೆಯಲ್ಲಿ ಕಾಕಾ ತೀರಿಕೊಂಡರು. ಉಸಿರಿನ ತ್ರಾಸು. ಮನೆಯವರನ್ನು ಮಾತಾಡಿಸಲು ಹೋದಾಗ, ಅವರ ಹೆಂಡತಿ ಕಾಕು ನನ್ನನ್ನು ಒಳಗೆ ಕರೆದು ಕೂರಿಸಿಕೊಂಡರು. ನಾನು ಹೇಳಿದೆ, "ಕಾಕಾಗ ನನ್ನ ಮ್ಯಾಲ ಭಾಳ ನಂಬಿಕಿ ಇತ್ರಿ. ಎರಡನೇ ಸಲ ನಿಂತಾಗ ಇಷ್ಟೂ ಅಂಜಿಕಿ ಇರಲಿಲ್ಲ."

ಕಾಕು ನನ್ನ ಮುಖ ನೋಡಿದರು. "ಅಂಜಿಕಿ ಇರಲಿಲ್ಲಂತ ಯಾರು ಹೇಳಿದ್ರವ್ವಾ? ಅವತ್ತ ಅಂಥಾ ಬ್ಯಾಸಗ್ಯಾಗ ಅಂಗಿ ಒಳಗ ಮೂರು ಬನಿಯನ್ ಹಾಕ್ಕೊಂಡು ಹೋಗಿದ್ರು. ಹೊಸ್ತಿಲದಾಗ ನಿಂತು ಹೇಳಿ ಹೋದ್ರು, ಏನರ ಆತಂದ್ರ ಆ ಹುಡುಗೀನ ಯಾರೂ ಬೈಬ್ಯಾಡ್ರಿ, ನಟ್ ಬಿಗದಾಂವ ನಾನ ಅಂತ ಮಾಲಕರಿಗೆ ಹೇಳು ಅಂತ."

ಸಾವಿನ ಮನೆ ಎಂಬುದನ್ನೂ ಮರೆತು ಆ ಮೂರು ಬನಿಯನ್‌ಗೆ ನಾನು ನಕ್ಕೆ. ಆಮೇಲೆ ಕಾಕುವಿನ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಅನುಮಾನ ಅವರಿಗೂ ಇತ್ತು, ನನ್ನಷ್ಟೇ ಇತ್ತು. ನನಗೆ ಗೊತ್ತಾಗಬಾರದೆಂದು ಅಂಗಿಯ ಗುಂಡಿ ಹಾಕಿಕೊಂಡು ಬಂದು ನಿಂತಿದ್ದರು.