ಬಗ್ಗಡಕ್ಕೂ ಹೆಪ್ಪು ಬೇಕು

ಹಳಸಿದ ಸಾರಿನ ವಾಸನೆಯೇ ಬೇರೆ, ಕೆಟ್ಟುಹೋದ ಗ್ಯಾಸ್ ತೊಟ್ಟಿಯ ಹುಳಿ ವಾಸನೆಯೇ ಬೇರೆ. ಎರಡನ್ನೂ ಬೇರ್ಪಡಿಸಬಲ್ಲ ಮೂಗು ನನ್ನದು. ಇದಕ್ಕೆ ಹೆಮ್ಮೆಪಡಬೇಕೋ ನಾಚಿಕೊಳ್ಳಬೇಕೋ ನೀವೇ ಹೇಳಿ. ಇವತ್ತು ಬೆಳಿಗ್ಗೆ ಬೂದಿಗೆರೆಯ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ, ಹಸಿಕಸದಿಂದ ಗ್ಯಾಸ್ ಮಾಡುವ ತೊಟ್ಟಿಯ ಹತ್ತಿರ ಆ ಹುಳಿ ವಾಸನೆ ಬಂತು. ತೊಟ್ಟಿ ನೋಡಿಕೊಳ್ಳುವ ಲಕ್ಷ್ಮಮ್ಮ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಳು.

"ಹಬ್ಬದೂಟ ಮಿಕ್ಕಿದ್ದೆಲ್ಲ ಇದಕ್ಕೇ ಹಾಕ್ಬಿಟ್ಟೆ ಅಕ್ಕ. ಗ್ಯಾಸೇ ಬರ್ತಿಲ್ಲ. ಸಂಜೆ ಮೀಟಿಂಗಲ್ಲಿ ನನ್ನ ಕೆಲ್ಸದಿಂದ ತೆಗೀತಾರಂತೆ."

ನನಗೆ ದೊಡ್ಡಬೆಳವಂಗಲದ ನಮ್ಮತ್ತೆ ನೆನಪಾದರು.

ನಾನು ಸೊಸೆಯಾಗಿ ಹೋದ ಹೊಸತರಲ್ಲಿ ಅತ್ತೆಗೆ ಕಣ್ಣಿನ ಆಪರೇಷನ್ ಆಗಿತ್ತು. ಹೊಗೆ ಸೋಕಬಾರದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಹಿತ್ತಲ ಗೋಬರ್ ಗ್ಯಾಸ್ ಇದ್ದದ್ದಕ್ಕೆ ಅವರು ನೆಮ್ಮದಿಯಾಗಿ ಮುದ್ದೆ ತೊಳಸುತ್ತಿದ್ದರು. ದಿನಾ ಎರಡು ಮಂಕರಿ ಸಗಣಿ, ಅಷ್ಟೇ ನೀರು. ಅದಕ್ಕಿಂತ ಒಂದು ಹಿಡಿ ಹೆಚ್ಚು ಹಾಕಲು ಬಿಡುತ್ತಿರಲಿಲ್ಲ. "ಅದ್ರೊಳಗೆ ಜೀವ ಐತೆ ಕಣಮ್ಮ, ಅದರ ಹೊಟ್ಟೆ ನೋಡ್ಕೊಂಡು ಹಾಕ್ಬೇಕು" ಎನ್ನುತ್ತಿದ್ದರು. ಬಿ.ಎಸ್ಸಿ. ಓದಿದ ನಾನು ಒಳಗೊಳಗೇ ನಗುತ್ತಿದ್ದೆ.

ನಾದಿನಿಯ ಮದುವೆಯ ಬೀಗರೂಟ ಮುಗಿದ ದಿನ ಹಂಡೆಗಟ್ಟಲೆ ಅನ್ನ, ಸಾರು ಮಿಕ್ಕಿತು. ಸಗಣಿಯಿಂದಲೇ ಇಷ್ಟು ಗ್ಯಾಸ್ ಬರುವುದಾದರೆ ಅನ್ನದಿಂದ ಎಷ್ಟು ಬರಬೇಡ ಎಂದು ನನ್ನ ಲೆಕ್ಕ. ಅತ್ತೆ ಬೀಗರನ್ನು ಕಳಿಸಲು ಹೋದಾಗ ಅಷ್ಟನ್ನೂ ತೊಟ್ಟಿಗೆ ಸುರಿದೆ. ಮಾರನೆಯ ದಿನ ಗ್ಯಾಸ್ ಭರ್ಜರಿಯಾಗಿ ಬಂತು, ನಾನು ಬೀಗಿದೆ. ಅದರ ಮಾರನೆಯ ದಿನ ಬುಸ್ ಎಂದಿತೇ ಹೊರತು ಹೊತ್ತಿಕೊಳ್ಳಲಿಲ್ಲ.

ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆಲ್ಲ ಆಗ ನೆನಪಾಯಿತು. ಒಳಗಿರುವುದು ಒಂದೇ ಜಾತಿಯ ಸೂಕ್ಷ್ಮಜೀವಿಯಲ್ಲ, ದೊಡ್ಡ ಕೂಡುಕುಟುಂಬ. ಕೆಲವು ಅನ್ನವನ್ನು ಗಬಗಬ ತಿಂದು ಹುಳಿ ಮಾಡುತ್ತವೆ. ಇನ್ನು ಕೆಲವು ನಿಧಾನದವು, ಆ ಹುಳಿಯನ್ನು ಉರಿಯುವ ಗ್ಯಾಸ್ ಮಾಡುತ್ತವೆ. ಅವಸರದವರಿಗೆ ಔತಣ ಬಡಿಸಿದರೆ ಹುಳಿ ಏರಿ ನಿಧಾನದವರು ಸಾಯುತ್ತಾರೆ. ನಾನು ಕೊಂದದ್ದು ಅವರನ್ನು.

ಅತ್ತೆ ಮತ್ತೆ ಸೌದೆ ಒಲೆಯ ಮುಂದೆ ಕೂತರು. ನಾನು ಊದಿದರೆ ಹೊಗೆ ಇನ್ನೂ ಹೆಚ್ಚಾಗುತ್ತಿತ್ತು. ಎರಡೇ ದಿನಕ್ಕೆ ಅವರ ಕಣ್ಣು ಕೆಂಡದಂತಾಯಿತು. ಸುರಿದದ್ದು ನಾನು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಮೂರನೆಯ ದಿನ ಇಳಿಹೊತ್ತಿನಲ್ಲಿ ಅತ್ತೆ ಬಿಂದಿಗೆ ಎತ್ತಿಕೊಂಡರು. "ನಡಿಯಮ್ಮ, ಜಯಮ್ಮನ ಮನೇಲಿ ಬಗ್ಗಡ ಕೇಳ್ಕೊಂಡು ಬರಾಣ. ದೀಪ ಹಚ್ಚೋಕ್ ಮುಂಚೆ ಹೋಗ್ಬೇಕು. ಹಚ್ಚಿದ್ ಮೇಲೆ ಯಾರೂ ಹೆಪ್ಪು ಕೊಡಲ್ಲ."

ತೊಟ್ಟಿಯಿಂದ ಹೊರಬರುವ ಬಗ್ಗಡವೂ ಅತ್ತೆಗೆ ಮೊಸರಿನ ಹೆಪ್ಪೇ. ಆ ನಿಧಾನದವರು ಅದರಲ್ಲಿ ಬದುಕಿರುತ್ತಾರೆ. ಜಯಮ್ಮ ಅವರ ಓರಗಿತ್ತಿ, ಅವರ ಹಿತ್ತಲಲ್ಲೂ ಗ್ಯಾಸ್ ತೊಟ್ಟಿಯಿತ್ತು. ಬೇಲಿಯ ಜಗಳವಾಗಿ ವರ್ಷಗಟ್ಟಲೆ ಇಬ್ಬರಿಗೂ ಮಾತಿರಲಿಲ್ಲ. ಅತ್ತೆ ಹೊಸ್ತಿಲ ಹೊರಗೇ ನಿಂತು ಕೇಳಿದರು.

"ಏನಕ್ಕ ಹಾಕ್ದೆ ಅದಕ್ಕೆ?" ಎಂದರು ಜಯಮ್ಮ, ಬಿಂದಿಗೆ ಮುಟ್ಟದೆ.

ನಾನು ಅತ್ತೆಯ ಬೆನ್ನ ಹಿಂದೆ ಸರಿದೆ.

"ಬೀಗರೂಟದ್ದು ಮಿಕ್ಕಿದ್ದೆಲ್ಲ ನಾನೇ ಸುರಿದ್ಬಿಟ್ಟೆ ಕಣೆ ಜಯಾ" ಎಂದರು ಅತ್ತೆ. "ವಯಸ್ಸಾಯ್ತಲ್ಲ, ಬುದ್ಧಿ ಎಲ್ಲಿರುತ್ತೆ."

ಜಯಮ್ಮ ಅತ್ತೆಯ ಕಣ್ಣು ನೋಡಿದರು. ಬಿಂದಿಗೆ ಇಸಿದುಕೊಂಡು ಹಿತ್ತಲಿಗೆ ಹೋದರು. ಅವತ್ತಿನಿಂದ ಬೇಲಿ ದಾಟಿ ಮೊಸರಿನ ಹೆಪ್ಪೂ ಓಡಾಡತೊಡಗಿತು. ಹದಿನೈದು ದಿನಕ್ಕೆ ನಮ್ಮ ಒಲೆಯಲ್ಲಿ ನೀಲಿ ಉರಿ ಎದ್ದಿತು. ಸುರಿದವಳು ಯಾರೆಂದು ಅತ್ತೆಗೆ ಹೇಗೆ ಗೊತ್ತಾಯಿತೋ, ನಾನು ಕೇಳಲಿಲ್ಲ. ಅವರು ಬದುಕಿರುವವರೆಗೂ ಆ ಮಾತು ಎತ್ತಲಿಲ್ಲ. ಒಪ್ಪಿಕೊಳ್ಳದೆ ಉಳಿದದ್ದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಸಂಜೆ ಮೀಟಿಂಗಿಗೆ ಹೋದೆ. "ಯಾರು ಹಾಕಿದ್ದು ಅಂತ ಮೊದಲು ತೀರ್ಮಾನ ಆಗಲಿ" ಎಂದರು ಕಾರ್ಯದರ್ಶಿ. ಲಕ್ಷ್ಮಮ್ಮ ಬಾಗಿಲ ಬಳಿ ಸೆರಗು ಹಿಂಡುತ್ತಿದ್ದಳು.

"ನಾನೇ ಹಾಕ್ಸಿದ್ದು" ಎಂದೆ. "ವಯಸ್ಸಾಯ್ತಲ್ಲ, ಬುದ್ಧಿ ಎಲ್ಲಿರುತ್ತೆ."

ಕಾರ್ಯದರ್ಶಿ ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿದರು. ಲಕ್ಷ್ಮಮ್ಮನನ್ನು ತೆಗೆಯುವ ಮಾತು ಅಲ್ಲಿಗೆ ನಿಂತಿತು.

ಈಗ ಕಾರಿನ ಡಿಕ್ಕಿಯಲ್ಲಿ ನಾಲ್ಕು ಖಾಲಿ ಕ್ಯಾನ್ ಇಟ್ಟಿದ್ದೇನೆ. ಜಯಮ್ಮನವರ ತೊಟ್ಟಿ ಇನ್ನೂ ಚೆನ್ನಾಗಿದೆಯಂತೆ. ಲಕ್ಷ್ಮಮ್ಮನೂ ಬರುತ್ತಾಳೆ. ನಾಳೆ ಮಧ್ಯಾಹ್ನವೇ ಹೊರಡಬೇಕು. ದೀಪ ಹಚ್ಚುವ ಮೊದಲು ಆ ಹೊಸ್ತಿಲಲ್ಲಿ ನಿಂತು ಹೆಪ್ಪು ಕೇಳಬೇಕು. ಅವತ್ತು ಸುರಿದವಳು ನಾನೇ ಎಂದೂ ಹೇಳಬೇಕು.