ಜರೀಗಿಡದಲ್ಲಿ ಸಿಕ್ಕ ಹಳದಿ ಚುಕ್ಕಿ

ಹುರುಳಿಕಾಳಿನಷ್ಟು ದೊಡ್ಡ ಹಳದಿ ಚುಕ್ಕಿ, ಸುತ್ತ ಪೆನ್ಸಿಲಿನ ಗೆರೆ. ಮೊನ್ನೆ ಮಧುರವಾಡದ ಹೊಸ ಮನೆಗೆ ಪುಸ್ತಕ ಸಾಗಿಸುವಾಗ ಹಳೆಯ ನೋಟ್‌ಬುಕ್ಕಿನಿಂದ ಈ ಕಾಗದ ಜಾರಿ ಬಿತ್ತು. ನೀವಾಗಿದ್ದರೆ ಸಾರಿನ ಕಲೆ ಎಂದುಕೊಳ್ಳುತ್ತಿದ್ದಿರಿ. ನಿಮ್ಮ ಊಹೆ ನನ್ನದಕ್ಕಿಂತ ಸತ್ಯಕ್ಕೆ ಹತ್ತಿರ.

ಆ ನೋಟ್‌ಬುಕ್ಕಿನ ಕಾಲದಲ್ಲಿ ನಾನು ಇದೇ ವಿಶಾಖಪಟ್ಟಣದಲ್ಲಿ ಜರೀಗಿಡಗಳ, ಅಂದರೆ ಫರ್ನ್‌ಗಳ, ಮೇಲೆ ಸಂಶೋಧನೆ ಮಾಡುತ್ತಿದ್ದೆ. ಹೂವೇ ಬಿಡದ ಈ ಗಿಡಗಳನ್ನು ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಕಷ್ಟ. ಹಾಗಾಗಿ ಎಲೆಯೊಳಗಿನ ರಾಸಾಯನಿಕಗಳನ್ನು ನೋಡಿ ಯಾವುದು ಯಾವುದಕ್ಕೆ ನೆಂಟ ಎಂದು ತೀರ್ಮಾನಿಸುತ್ತಿದ್ದೆವು. ಕಾಗದದ ಬುಡಕ್ಕೆ ಎಲೆಸಾರದ ಒಂದು ಹನಿ ಹಾಕಿ ದ್ರಾವಣದಲ್ಲಿ ನಿಲ್ಲಿಸಿದರೆ, ಒಂದೊಂದು ರಾಸಾಯನಿಕವೂ ತನ್ನ ತನ್ನ ಎತ್ತರಕ್ಕೆ ಏರಿ ಚುಕ್ಕಿಯಾಗಿ ನಿಲ್ಲುತ್ತದೆ. ಮನುಷ್ಯರನ್ನೂ ಹೀಗೆ ನಿಲ್ಲಿಸುವಂತಿದ್ದರೆ ಹಾಸ್ಟೆಲಿನಲ್ಲಿ ರೂಂಮೇಟ್ ಆರಿಸಿಕೊಳ್ಳುವುದು ಸುಲಭವಾಗುತ್ತಿತ್ತು.

ಸಮುದ್ರದ ಗಾಳಿಗೆ ಆ ಹಾಸ್ಟೆಲಿನಲ್ಲಿ ಎಲೆ ಒಣಗುತ್ತಿರಲಿಲ್ಲ. ಬ್ಯಾಂಕಿನಲ್ಲಿದ್ದ ಅಪ್ಪನಿಗೆ ಮೈಸೂರಿನಿಂದ ವಿಜಯವಾಡಕ್ಕೆ ವರ್ಗವಾಗಿತ್ತು. ಅಲ್ಲಿಯ ಬಿಸಿಲಿಗೆ ಒಣಗದ್ದು ಏನಿದೆ? ರಜೆಗೆ ಮನೆಗೆ ಹೋದಾಗ, ಅರಕು ಕಡೆಯ ಬೆಟ್ಟದಿಂದ ತಂದ ಎಲೆಗಳನ್ನು ಹಳೆಯ ಪೇಪರಿನ ನಡುವೆ ಒತ್ತಿ, ಕಟ್ಟು ಕಟ್ಟಿ, ಅಮ್ಮನ ಸುಪರ್ದಿಗೆ ಬಿಟ್ಟೆ. ರಜೆ ಮುಗಿದಾಗ ಮರಳಿ ಲ್ಯಾಬಿಗೆ ಒಯ್ದೆ. ಒಂದು ಕಟ್ಟಿನ ಎಲೆಗಳು ಮಾತ್ರ ಈ ಹಳದಿ ಚುಕ್ಕಿ ಕೊಟ್ಟವು. ಎಲೆಯ ಬೆನ್ನಿಗೆ ಸಹಜವಾಗಿಯೇ ಬಿಳಿ ಪುಡಿ ಇರುವ ಜಾತಿ ಅದು. ಇವುಗಳ ಪುಡಿ ತುಸು ಹಳದಿಯಾಗಿತ್ತು. ಹಳದಿ ಪುಡಿಯ ನೆಂಟರೂ ಆ ವಂಶದಲ್ಲಿರುವುದರಿಂದ ನನಗೆ ಸಂಶಯ ಬರಲಿಲ್ಲ.

“ಚೂಡಮ್ಮಾ, ಇಲ್ಲಿ ನೋಡು, ಇದು ಬೇರೆಯೇ ಗುಂಪು,” ಎಂದರು ತೆಲುಗಿನವರಾದ ನಮ್ಮ ಸಂಶೋಧನೆಯ ಗೈಡ್. “ಸೋಮವಾರ ಲೇಖನ ಕಳಿಸೋಣ. ಮೊದಲ ಹೆಸರು ನಿನ್ನದೇ.”

ಎರಡು ವರ್ಷದ ದುಡಿಮೆಯಲ್ಲಿ ನನಗೆ ಸಿಕ್ಕ ಮೊದಲ ಹೊಸ ಸಂಗತಿ ಅದು.

ಭಾನುವಾರ ಬೆಳಿಗ್ಗೆ ಅಮ್ಮನ ಫೋನ್ ಬಂತು.

“ನಿನ್ನ ಎಲೆ ಹೇಗಿವೆಯೇ?”

“ಚೆನ್ನಾಗಿವೆ.”

“ಇರ್ದೆ ಏನು! ಒಂದು ಕಟ್ಟಿಗೆ ಬೂಷ್ಟು ಹಿಡಿದಿತ್ತು ಕಣೆ, ಬೆನ್ನೆಲ್ಲಾ ಬೆಳ್ಳಗೆ. ಅರಿಶಿನ ಉದುರಿಸಿ ಇಟ್ಟೆ. ನೋಡು, ನಿನ್ನ ಸೈನ್ಸು ನಂಗೂ ಬರತ್ತೆ!”

ಅಮ್ಮ ನಗುತ್ತಿದ್ದಳು. “ಹೂಂ ಅಮ್ಮ, ಬರತ್ತೆ,” ಎಂದೆ.

ಹಾಸ್ಟೆಲಿನ ಅಡುಗೆಮನೆಯಿಂದ ಚಿಟಿಕೆ ಅರಿಶಿನ ಕೇಳಿ ತಂದು, ಲ್ಯಾಬಿನಲ್ಲಿ ಉಳಿದಿದ್ದ ಎಲೆಸಾರದ ಪಕ್ಕದಲ್ಲೇ ಕಾಗದದ ಮೇಲೆ ಏರಲು ಬಿಟ್ಟೆ. ಸಂಜೆಯ ಹೊತ್ತಿಗೆ ಎರಡೂ ಒಂದೇ ಎತ್ತರದಲ್ಲಿ ನಿಂತಿದ್ದವು. ಕಟ್ಟಿನ ಎಲೆಗಳೆಲ್ಲ ಆಗಲೇ ಅರೆದು ಮುಗಿದಿದ್ದವು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿರುವ ಬಗ್ಗೆ ನಾನು ಯೋಚಿಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ.

ಮರುದಿನ ಬೆಳಿಗ್ಗೆ ಗೈಡ್ ಬರುವ ಮೊದಲೇ ಅವರ ಕೋಣೆಯ ಮುಂದೆ ನಿಂತಿದ್ದೆ. ಚುಕ್ಕಿ ಅರಿಶಿನದ್ದು ಎಂದು ನಾನು ಹೇಳಿದ್ದನ್ನು ಕೇಳಿ ಅವರು ಕನ್ನಡಕ ತೆಗೆದಿಟ್ಟರು. “ಎಲೆಗೆ ಅರಿಶಿನ! ಯಾರಮ್ಮಾ ಹಾಕಿದ್ದು?”

“ನಾನೇ ಸರ್,” ಎಂದೆ.