ಹತ್ತು ಮಕ್ಕಳಿಗೆ ಒಬ್ಬನೇ ಅಜ್ಜ

ಶನಿವಾರ, ಮಧ್ಯಾಹ್ನ ಎರಡು ಗಂಟೆ. ಸೊರಬದ ಮೇಷ್ಟ್ರ ಮನೆಯ ಜಗಲಿಯಲ್ಲಿ ಇದ್ದವರು ಮೇಷ್ಟ್ರು, ನಾನು, ಏಳನೆಯ ತರಗತಿಯ ಹನ್ನೊಂದು ಮಕ್ಕಳು. ಮೇಷ್ಟ್ರ ಉಗುರುಗಳ ಸಂದಿಯಲ್ಲಿ ಎಂದಿನಂತೆ ಹಸಿರು ಪಾಚಿ. ಹಳೆಯ ಕಲ್ಲು ಕಂಡಲ್ಲಿ ಕೆರೆದು ಅಕ್ಷರ ಹುಡುಕುವುದು ಅವರ ಚಟ. ಅದೇ ಕೈಯಲ್ಲಿ ಅವಲಕ್ಕಿ ತಿನ್ನುತ್ತಿದ್ದರು. ನಾನು ಹೇಸಿ ಮುಖ ತಿರುಗಿಸಿಕೊಂಡೆ.

ಅವರು ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ನಾನು ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಬಸ್ಸು ಬಂದುಹೋದ ಹೊತ್ತು ಬರೆದು ಸಹಿ ಹಾಕುವ ಕಂಟ್ರೋಲರ್ ಆಗಿದ್ದು, ನಿವೃತ್ತಿಯ ನಂತರ ಅವರ ಪಕ್ಕದ ಮನೆಗೆ ಬಂದವನು. ಹೋಂವರ್ಕ್ ಹೇಳಿಕೊಡುವುದು ಅವರ ಪಾಲು. ಮಕ್ಕಳನ್ನು ಸಾಲಾಗಿ ಕೂರಿಸಿ, ಪುಸ್ತಕ ತಿದ್ದಿ, ಹೊತ್ತಿಗೆ ಸರಿಯಾಗಿ ಎಬ್ಬಿಸುವುದು ನನ್ನ ಪಾಲು. "ಹೋಗಿ ನೋಡ್ಕಂಡ್ ಬಂದ್ಯೇನೋ?" ಎಂದು ಕೇಳದೆ ಅವರು ಯಾವ ಉತ್ತರವನ್ನೂ ಒಪ್ಪುತ್ತಿರಲಿಲ್ಲ. ಪಂಚಾಯಿತಿಯ ಪಾಠಕ್ಕೆ ಒಬ್ಬನನ್ನು ಕಚೇರಿಗೇ ಅಟ್ಟಿದ್ದರು. ಬೀಗ ಹಾಕಿದೆ ಎಂದು ಅವನು ಮರಳಿ ಬಂದಾಗ, "ಅದನ್ನೇ ಬರಿ" ಎಂದಿದ್ದರು.

ಸೋಮವಾರ ಶಾಲೆಗೆ ಒಪ್ಪಿಸಬೇಕಾದ ಬರಹ 'ನಮ್ಮೂರಿನ ವೀರಗಲ್ಲು'. ಹತ್ತು ಮಕ್ಕಳು ಜೆರಾಕ್ಸ್ ಅಂಗಡಿಯಲ್ಲಿ ಮಾರುವ ಸಿದ್ಧ ಉತ್ತರದ ಒಂದೇ ಹಾಳೆಯನ್ನು ನಕಲು ಮಾಡಿದ್ದರು: "ನಾನು ಅಜ್ಜನ ಕೈ ಹಿಡಿದು ವೀರಗಲ್ಲು ನೋಡಲು ಹೋದೆ. ಬಹಳ ಸಂತೋಷವಾಯಿತು." ಅಕ್ಷರ ದುಂಡಗಿತ್ತು, ಅಂಚು ನೇರವಾಗಿತ್ತು. ಹತ್ತಕ್ಕೂ ಸರಿ ಹಾಕಿದೆ.

ಹನ್ನೊಂದನೆಯವಳು ಕುಬಟೂರಿನ ಕಡೆಯಿಂದ ಬರುವ ಹುಡುಗಿ. ಅವಳು ಬರೆದಿದ್ದಳು: "ನಮ್ಮೂರಿನ ವೀರಗಲ್ಲು ನಮ್ಮ ಬಚ್ಚಲ ಹಿಂದೆ ಇದೆ. ಅಮ್ಮ ಅದರ ಮೇಲೆ ಬಟ್ಟೆ ಒಗೆಯುತ್ತಾಳೆ. ವೀರನಿಗೆ ಮುಖ ಇಲ್ಲ."

ಅಸಹ್ಯವೆನಿಸಿತು. ಪುಟದ ಉದ್ದಕ್ಕೂ ಕೆಂಪು ಗೀಟು ಎಳೆದೆ.

"ಇಂಥಾ ಹೊಲಸು ಬರೀತಾರೇನೇ? ಹರಿದು ಹಾಕಿ, ಅವರದ್ದು ನೋಡಿ ಬರಿ."

ಅವಳು ಹರಿದಳು. ಆ ಸದ್ದಿಗೆ ಮೇಷ್ಟ್ರು ತಿರುಗಿದರು. ಎರಡು ತುಂಡನ್ನೂ ಜೋಡಿಸಿ ಓದಿದರು. ಉಳಿದ ಹತ್ತನ್ನೂ ಓದಿದರು.

"ಒಬ್ನೇ ಅಜ್ಜ ಹತ್ತು ಮಕ್ಳ ಕೈ ಹೆಂಗೆ ಹಿಡ್ದ ಮಾರಾಯ್ರೇ? ಅವಂಗೆ ಎಷ್ಟು ಕೈ?"

ಮಕ್ಕಳು ನಕ್ಕರು. ಮೇಷ್ಟ್ರು ನಗಲಿಲ್ಲ.

"ಕಂಟ್ರೋಲರೇ, ಬಸ್ಸು ಟೈಮಿಗೆ ಬಂದ್ರೆ ಆತಾ? ಒಳಗೆ ಜನ ಬ್ಯಾಡ್ವಾ?"

ಮೂರೂವರೆಯ ಬಸ್ಸಿಗೆ ಹುಡುಗಿಯ ಜೊತೆ ನನ್ನನ್ನೂ ಹತ್ತಿಸಿಕೊಂಡು ಅವಳೂರಿಗೆ ಹೊರಟರು. ಬಚ್ಚಲ ಹಿಂದೆ ಕಲ್ಲು ಮಲಗಿತ್ತು. ಮೇಲೆ ಲೋಳೆ, ಕೂದಲಿನ ಉಂಡೆ, ಸೋಪಿನ ಪುಡಿಯ ಹರಿದ ಪೊಟ್ಟಣ.

"ಮುಟ್ಬೇಡಿ ಮೇಷ್ಟ್ರೇ, ಗಲೀಜು," ಎಂದಳು ಹುಡುಗಿಯ ತಾಯಿ.

ಮೇಷ್ಟ್ರು ತೆಂಗಿನ ನಾರನ್ನು ನನ್ನ ಕೈಗಿತ್ತರು. "ಗೀಟು ಹಾಕ್ದೋರೇ ತಿಕ್ಲಿ."

ಅರ್ಧ ಗಂಟೆ ತಿಕ್ಕಿದೆ. ಕತ್ತಿ ಕಂಡಿತು, ಗುರಾಣಿ ಕಂಡಿತು. ಮುಖವಿರಬೇಕಾದಲ್ಲಿ ಒಗೆದು ಒಗೆದು ನುಣುಪಾದ ಗುಳಿ.

"ನಾ ಬರ್ದಿದ್ನಲ್ಲ ಸಾರ್," ಎಂದಳು ಹುಡುಗಿ.

ಹಿಂದಿರುಗುವ ಬಸ್ಸಿನಲ್ಲಿ ಕೈ ಮೂಸಿಕೊಂಡೆ. ಕೊಳೆನೀರಿನ ನಾತ. ಆದರೆ ನಿಜವಾಗಿ ಹೇಸಿಗೆ ಹುಟ್ಟಿಸಿದ್ದು ಆ ಹತ್ತು ದುಂಡಕ್ಷರದ ಪುಟಗಳು. ಅವಕ್ಕೆ ಸರಿ ಹಾಕಿದ್ದೂ ಇದೇ ಕೈ.

ಮೇಷ್ಟ್ರು ತೀರಿಕೊಂಡು ಎರಡು ವರ್ಷ. ಮಕ್ಕಳು ಈಗ ನನ್ನ ಜಗಲಿಗೆ ಬರುತ್ತಾರೆ. ಜೆರಾಕ್ಸ್ ಹಾಳೆಯೂ ಬರುತ್ತದೆ, ಅಜ್ಜನ ಸಮೇತ. "ಹೋಗಿ ನೋಡ್ಕಂಡ್ ಬಂದ್ಯೇನೋ?" ಎಂದು ನಾನೂ ಕೇಳುತ್ತೇನೆ. ಅವರ ದನಿಯಲ್ಲಿದ್ದ ಮೃದುತನ ನನಗೆ ಬಂದಿಲ್ಲ.

ಆ ಶನಿವಾರ ಮನೆಗೆ ಬಂದು, ಮೇಷ್ಟ್ರಿಂದ ಇಸಿದುಕೊಂಡ ಹುಡುಗಿಯ ಹರಿದ ಹಾಳೆಯನ್ನು ಅನ್ನದ ಅಗುಳಿನಿಂದ ಅಂಟಿಸಿದೆ. ಕೆಂಪು ಗೀಟು ಹೋಗುವಂತಿರಲಿಲ್ಲ. ಅದರ ಪಕ್ಕದಲ್ಲಿ "ಈ ಗೀಟು ತಪ್ಪು. ಬರಹ ಸರಿ" ಎಂದು ಬರೆದು ಸಹಿ ಹಾಕಿದೆ. ಗಂಟೆ ಏಳು.